ಬಿಸಿಲಿನ ಬಾಲ್ಕನಿ, ಟೆರೇಸಿಗೆ ಹೂಗಿಡ ಆರಿಸುವ ಕ್ರಮ: ಮುಂಬೈ, ಪುಣೆ, ಗೋವಾ ಮನೆಗಳಿಗೆ

ನವೆಂಬರಿನಲ್ಲಿ ಮೈತುಂಬ ಹೂಬಿಟ್ಟ ಗಿಡ ಮನೆಗೆ ಬರುತ್ತದೆ. ಮೂರು ವಾರ ಕಣ್ಣಿಗೆ ಹಬ್ಬ. ಮಾರ್ಚಿಗೆ ಎಲೆ ಸುಡುತ್ತದೆ. ಅದನ್ನೂ ದಾಟಿ ಉಳಿದದ್ದು ಜುಲೈ ಮಳೆಗೆ ಬುಡ ಕೊಳೆತು ಮಲಗುತ್ತದೆ. ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲೂ ಪುಣೆಯ ಕೊಥ್ರೂಡಿನ ಟೆರೇಸಿನಲ್ಲೂ ವಾಸ್ಕೊದ ಅಂಗಳದಲ್ಲೂ ಗೋಳು ಒಂದೇ. ಎಲ್ಲರೂ ನೀರನ್ನೋ ಗೊಬ್ಬರವನ್ನೋ ದೂರುತ್ತಾರೆ. ಆದರೆ ಎಡವಟ್ಟು ಅದಕ್ಕೂ ಮೊದಲೇ ಆಗಿರುತ್ತದೆ: ಗಿಡ ಕೊಂಡಮೇಲೆ ಜಾಗ ಹುಡುಕಿರುತ್ತಾರೆ.

ಇನ್ನೊಂದು ಮಾತು. ಈ ಸೀಮೆಯಲ್ಲಿ "ಬಿಸಿಲಿನ ತೋಟ" ಎನ್ನುವುದು ವರ್ಷದಲ್ಲಿ ಎಂಟು ತಿಂಗಳು ಮಾತ್ರ ನಿಜ. ಉಳಿದ ನಾಲ್ಕು ತಿಂಗಳು ಅದೇ ಕುಂಡ ಮಳೆಯಲ್ಲಿ ನೆನೆಯುತ್ತದೆ. ಬಿಸಿಲು ತಡೆಯುವ ಗಿಡ ಎಂದು ಕೇಳಿ ತಂದರೆ ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತೆ.

## ಮೊದಲು ಕೈಗೆ ಸಿಗುವಂತಿಡಬೇಕಾದವು

ಫೋನಿನ ದಿಕ್ಸೂಚಿ, ಒಂದು ಸೀಮೆಸುಣ್ಣ, ಕೈತೋಟದ ಸಣ್ಣ ಸಲಿಕೆ, ಕತ್ತರಿ, ಬಕೆಟ್, ಎರಡು ಮೀಟರ್ 50 ಶೇಕಡಾ ನೆರಳಿನ ಹಸಿರು ಬಲೆ (ಇಲ್ಲದಿದ್ದರೆ ಹಳೆಯ ಬಿಳಿ ಪಂಚೆ), ಕುಂಡದಡಿ ಇಡಲು ಇಟ್ಟಿಗೆ ಚೂರು, ಒಂದು ಲೀಟರಿನ ಸ್ಪ್ರೇ ಬಾಟಲಿ, ಬೇವಿನೆಣ್ಣೆ. ಇಷ್ಟು ಸಾಕು. ನರ್ಸರಿಯವರು ಗಿಡದ ಜೊತೆ ಕಟ್ಟಿಕೊಡುವ ಬಣ್ಣದ ದ್ರಾವಣದ ಬಾಟಲಿಗಳು ಬೇಡ.

## 1. ಬಿಸಿಲನ್ನು ಎಣಿಸಿ

ಒಂದು ಭಾನುವಾರ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಹೋಗಿ ನೋಡಿ. ನೆಲದ ಮೇಲೆ ಕೈ ಅಡ್ಡ ಹಿಡಿದಾಗ ನೆರಳಿನ ಅಂಚು ಸ್ಪಷ್ಟವಾಗಿ ಕಂಡರೆ ಅದು ನೇರ ಬಿಸಿಲು. ಮಸುಕಾಗಿದ್ದರೆ ಬರೀ ಬೆಳಕು. ಬಿಸಿಲು ಬಿದ್ದ ಜಾಗದ ಗಡಿಯನ್ನು ಸೀಮೆಸುಣ್ಣದಲ್ಲಿ ಗೆರೆ ಎಳೆದು ಗಂಟೆ ಬರೆಯಿರಿ. 6 ಗಂಟೆ ಮೀರಿದರೆ ಪೂರ್ಣ ಬಿಸಿಲು, 4ರಿಂದ 6 ಆದರೆ ಅರೆ ಬಿಸಿಲು. ಅದಕ್ಕೂ ಕಡಿಮೆಯಿದ್ದರೆ ಈ ಬರಹದ ಹೆಚ್ಚಿನ ಗಿಡಗಳು ನಿಮಗಲ್ಲ.

ಒಂದೇ ದಿನ ಎಣಿಸಿ ಮುಗಿಸುವುದು ದೊಡ್ಡ ತಪ್ಪು. ಮುಂಬೈ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ಇಲ್ಲಿ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಗೋವಾದಲ್ಲಿ ಇದು ಮೇ ಮೊದಲ ವಾರಕ್ಕೇ ಶುರು. ಹೀಗಾಗಿ ಡಿಸೆಂಬರಿನಲ್ಲಿ ಹಾಲಿನ ಸೋಫಾವರೆಗೂ ಬಿಸಿಲು ತರುವ ದಕ್ಷಿಣದ ಬಾಲ್ಕನಿಗೆ ಮೇ ತಿಂಗಳಲ್ಲಿ ಮೇಲಿನ ಮನೆಯ ಸಜ್ಜ ಅಡ್ಡ ಬಂದು ಬಿಸಿಲೇ ತಾಕದೆ ಹೋಗಬಹುದು. ಚಳಿಗಾಲದಲ್ಲಿ ಎಣಿಸಿ "ನಮ್ಮದು ಪೂರ್ಣ ಬಿಸಿಲು" ಎಂದು ಬೊಗನ್‌ವಿಲ್ಲೆ (ಕಾಗದದ ಹೂ) ಹತ್ತಿಸಿದವರಿಗೆ ಬೇಸಿಗೆಯಲ್ಲಿ ಬರೀ ಎಲೆ ಸಿಗುವುದು ಇದಕ್ಕೇ. ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆ ಎಣಿಸಿ.

ದಿಕ್ಕಿನ ಗುಣವೂ ಬೇರೆ ಬೇರೆ. ಪೂರ್ವದ 5 ಗಂಟೆ ಬಿಸಿಲು ಮೃದು. ಮಲ್ಲಿಗೆ, ಕನಕಾಂಬರ, ಗುಲಾಬಿಗೆ ಅದು ಹಿತ. ಪಶ್ಚಿಮದ್ದು ಮಧ್ಯಾಹ್ನ ಒಂದರಿಂದ ಮುಳುಗುವವರೆಗಿನ ಬಿಸಿಲು. ಗೋಡೆ, ಟೈಲು, ಗ್ರಿಲ್ ಎಲ್ಲ ಕಾದು ರಾತ್ರಿ ಎಂಟಕ್ಕೂ ಬೆಚ್ಚಗಿರುತ್ತವೆ. ಅಲ್ಲಿ ಇಡಬೇಕಾದವು ದಪ್ಪ ಎಲೆಯ, ಒಣ ಸ್ವಭಾವದ ಗಿಡಗಳು. ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲಿನ ಚೂರು) ಹಾಸಿದ ಟೆರೇಸು, ಎದುರು ಕಟ್ಟಡದ ಗಾಜು ಇವೂ ಬಿಸಿಲನ್ನು ತಿರುಗಿಸಿ ಎಸೆಯುತ್ತವೆ. ಎಲೆಯ ಕೆಳಮೈ ಸುಟ್ಟಿದ್ದರೆ ನೆಲವನ್ನು ಅನುಮಾನಿಸಿ.

ಮಳೆಯೂ ದಿಕ್ಕು ನೋಡಿಯೇ ಬರುತ್ತದೆ. ನೈಋತ್ಯದ ಗಾಳಿ ಮಳೆಯನ್ನು ಪಶ್ಚಿಮ, ದಕ್ಷಿಣದ ಬಾಲ್ಕನಿಗೆ ಓರೆಯಾಗಿ ಎರಚುತ್ತದೆ. ಪೂರ್ವದ ಬಾಲ್ಕನಿಯಲ್ಲಿ ಸಜ್ಜದ ಕೆಳಗಿನ ಕುಂಡ ಜುಲೈನಲ್ಲೂ ಒಣಗಿರಬಹುದು. ಹೊರಗೆ ಧಾರಾಕಾರ ಮಳೆ, ಒಳಗೆ ನೀರಿಲ್ಲದೆ ಸತ್ತ ಗಿಡ: ಮುಂಬೈಯಲ್ಲಿ ಇದೇನೂ ಅಪರೂಪವಲ್ಲ.

## 2. ಊರಿನ ಮಣ್ಣು, ನೀರು ತಿಳಿಯಿರಿ

ಗೋವಾದ್ದು ಜಂಬಿಟ್ಟಿಗೆಯ ಕೆಂಪು ಮಣ್ಣು, ತುಸು ಹುಳಿ. ಕೇಪಳ, ಅನಂತಪುಷ್ಪದಂಥವಕ್ಕೆ ಇದು ತವರು. ಆದರೆ ಸತ್ವ ಕಡಿಮೆ. ಭಾರೀ ಮಳೆ ಹಾಕಿದ ಗೊಬ್ಬರವನ್ನೂ ತೊಳೆದುಕೊಂಡು ಹೋಗುತ್ತದೆ. ನೆಲದಲ್ಲಿ ನೆಡುವವರು 45 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ ತೋಡಿ ಅರ್ಧಕ್ಕರ್ಧ ಕೊಳೆತ ಗೊಬ್ಬರ ಬೆರೆಸಿ ತುಂಬಬೇಕು. ಕಡಲಿಗೆ ಎದುರಾದ ಮನೆಯಾದರೆ ಉಪ್ಪುಗಾಳಿಗೆ ಗುಲಾಬಿ, ಡೇಲಿಯಾ ನಿಲ್ಲುವುದಿಲ್ಲ. ಕಣಗಿಲೆ, ಬೊಗನ್‌ವಿಲ್ಲೆ, ದೇವಕಣಗಿಲೆ ನಿಲ್ಲುತ್ತವೆ.

ಪುಣೆಯ ಕಪ್ಪು ಮಣ್ಣು ಸುಣ್ಣದ ಅಂಶದ್ದು. ಒದ್ದೆಯಾದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಕುಂಡಕ್ಕೆ ಅದನ್ನೇ ತುಂಬಿದರೆ ನೀರು ಅಂಚಿನ ಬಿರುಕಿನಲ್ಲಿ ಇಳಿದು ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು. ಕುಂಡದ ಹೊರಮೈಗೆ ಬಿಳಿ ಉಪ್ಪು ಕಟ್ಟಿದ್ದರೆ ಕೇಪಳ, ಗುಲಾಬಿಗಳಲ್ಲಿ ಎಲೆ ಹಳದಿ, ನರ ಮಾತ್ರ ಹಸಿರು ಆಗುವುದನ್ನು ನಿರೀಕ್ಷಿಸಿ. ಅದು ಕಬ್ಬಿಣದ ಕೊರತೆಯ ಗುರುತು. ಆದರೂ ಮೂರೂ ಊರುಗಳಲ್ಲಿ ಚಳಿಗಾಲದ ಹೂವಿಗೆ ಭಾಗ್ಯವಂತರು ಪುಣೆಯವರೇ. ರಾತ್ರಿಯ ಚಳಿ ಸೇವಂತಿಗೆ, ಡೇಲಿಯಾ, ಪೆಟೂನಿಯಾಗಳಿಗೆ ಬೇಕಾದಷ್ಟು ಸಿಗುತ್ತದೆ.

ಮುಂಬೈಯಲ್ಲಿ ಮಣ್ಣು ಹೇಗೂ ಚೀಲದಲ್ಲೇ ಬರುವುದು. ನಲ್ಲಿ ನೀರು ಗಿಡಕ್ಕೆ ಒಳ್ಳೆಯದು. ಟ್ಯಾಂಕರ್ ನೀರಾದರೆ ಎಲೆಯ ತುದಿಯ ಮೇಲೆ ಕಣ್ಣಿಡಿ, ಉಪ್ಪಿದ್ದರೆ ತುದಿ ಕಂದಾಗುತ್ತದೆ.

## 3. ಕುಂಡ, ತೂಕ, ಮಿಶ್ರಣ

ಪೊದೆ ಗಿಡಗಳಿಗೆ 12 ಇಂಚು, ಋತುಮಾನದ ಹೂಗಳಿಗೆ 8 ಇಂಚು. ನೀರುಂಡ 12 ಇಂಚಿನ ಕುಂಡ 15ರಿಂದ 20 ಕೆ.ಜಿ. ತೂಗುತ್ತದೆ. ಸಜ್ಜದ ಮೇಲೆ, ಕಿಟಕಿಯ ಬಾಕ್ಸ್ ಗ್ರಿಲ್ಲಿನೊಳಗೆ ಇಂಥ ಹತ್ತು ಇಡುವುದು ಗಿಡದ ಪ್ರಶ್ನೆಯಲ್ಲ, ಕೆಳಗೆ ನಡೆಯುವವರ ತಲೆಯ ಪ್ರಶ್ನೆ. ಟೆರೇಸಾದರೆ ಸೊಸೈಟಿಯ ಒಪ್ಪಿಗೆ ಮೊದಲೇ ಪಡೆದು, ತೊಲೆ ಹಾಯುವ ಗೋಡೆಯಂಚಿನ ಸಾಲಿನಲ್ಲಿಡಿ.

ಕಪ್ಪು ಪ್ಲಾಸ್ಟಿಕ್ ಕುಂಡ ಪಶ್ಚಿಮ ಬಿಸಿಲಿಗೆ ಬೇಡ, ಬೇರು ಬೇಯುತ್ತದೆ. ಮಣ್ಣಿನ ಕುಂಡ ತಂಪು, ಆದರೆ ಮೇ ತಿಂಗಳಲ್ಲಿ ಎರಡು ಹೊತ್ತು ನೀರು ಕೇಳುತ್ತದೆ. ಅದು ಆಗದವರಿಗೆ ತಿಳಿ ಬಣ್ಣದ ಪ್ಲಾಸ್ಟಿಕ್ ವಾಸಿ.

ಮಿಶ್ರಣ: ಕೆಂಪು ಮಣ್ಣು 4 ಪಾಲು, ಚೆನ್ನಾಗಿ ಕೊಳೆತ ಗೊಬ್ಬರ 3, ದಪ್ಪ ಮರಳು 2, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 1. ತೂಕ ಕಡಿಮೆಯಾಗಲಿ ಎಂದು ಅರ್ಧದಷ್ಟು ಕೊಕೊಪೀಟ್ ತುಂಬುವುದು ಮುಂಬೈಯಲ್ಲಿ ಹೆಚ್ಚಾಗಿ ಕಾಣುವ ತಪ್ಪು. ಬೇಸಿಗೆಯಲ್ಲಿ ಅದು ಸೊಗಸು. ಜುಲೈನಲ್ಲಿ ಅದೇ ಒದ್ದೆ ಸ್ಪಂಜಿನಂತಾಗಿ ಬೇರನ್ನು ಉಸಿರುಗಟ್ಟಿಸುತ್ತದೆ. ತಳದಲ್ಲಿ ಕನಿಷ್ಠ ಮೂರು ತೂತು, ಒಂದೊಂದೂ ಕಿರುಬೆರಳು ಹೋಗುವಷ್ಟು.

## 4. ಹೂವನ್ನು ಎರಡು ಪಟ್ಟಿಯಲ್ಲಿ ಆರಿಸಿ

ಮೊದಲು ಕಾಯಂ ಗಿಡಗಳು, ಆಮೇಲೆ ಋತುವಿನ ಹೂಗಳು. ಹತ್ತು ಕುಂಡಕ್ಕೆ ಜಾಗವಿದ್ದರೆ ಆರು ಕಾಯಂ, ನಾಲ್ಕು ಋತುವಿನವು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಮಳೆಗಾಲದಲ್ಲಿ ಖಾಲಿ ಕುಂಡ ಎಣಿಸುತ್ತಾರೆ.

ದಾಸವಾಳ (ಮರಾಠಿಯಲ್ಲಿ ಜಾಸ್ವಂದ). ಬಿಸಿಲು, ಮಳೆ ಎರಡನ್ನೂ ತಡೆಯುವ ಗಿಡಗಳಲ್ಲಿ ಮೊದಲನೆಯದು. ಐದೆಸಳಿನ ಹಳೆಯ ಕೆಂಪು ದಾಸವಾಳವನ್ನೇ ಮೊದಲು ತನ್ನಿ. ಅಂಗೈಯಗಲದ ಹೂ ಬಿಡುವ ಹೈಬ್ರಿಡ್ಡುಗಳು ಪುಣೆಯಲ್ಲಿ ಬಾಳುತ್ತವೆ, ಮುಂಬೈ ಮಳೆಗೆ ಬೇಗ ಸೋಲುತ್ತವೆ. ಹೂ ಬರುವುದು ಹೊಸ ಚಿಗುರಿನಲ್ಲಿ. ಕತ್ತರಿ ಹಾಕಲು ಹೆದರಿದವರಿಗೆ ಉದ್ದ ಕೋಲೂ ತುದಿಯಲ್ಲೊಂದು ಹೂವೂ ಅಷ್ಟೇ. ಫೆಬ್ರವರಿಯಲ್ಲಿ ಮೂರನೇ ಒಂದು ಭಾಗ ಕತ್ತರಿಸಿ.

ಬೊಗನ್‌ವಿಲ್ಲೆ, ನಮ್ಮ ಕಾಗದದ ಹೂ. ಪಶ್ಚಿಮದ ಕಾದ ಬಾಲ್ಕನಿಗೆ ಇದಕ್ಕೆ ಸಾಟಿಯಿಲ್ಲ. 6 ಗಂಟೆ ಬಿಸಿಲು ಇರಲೇಬೇಕು, ನೀರು ಕಡಿಮೆಯಿರಬೇಕು. ಎಲೆ ತುಸು ಜೋತಮೇಲೆ ನೀರು ಕೊಟ್ಟರೆ ಹೂ, ದಿನವೂ ಕೊಟ್ಟರೆ ಎಲೆ. ದೊಡ್ಡ ಕುಂಡಕ್ಕೆ ಬದಲಿಸಲು ಅವಸರ ಬೇಡ. ಬೇರು ಇಕ್ಕಟ್ಟಾಗಿದ್ದಾಗಲೇ ಅದು ಮೈತುಂಬ ಬಣ್ಣ ತಳೆಯುವುದು. ಮುಳ್ಳಿದೆ, ಓಡಾಡುವ ದಾರಿಯ ಪಕ್ಕ ಇಡಬೇಡಿ.

ಮಲ್ಲಿಗೆ (ಮೋಗರಾ). ಊರಿನಿಂದ ಉಡುಪಿ ಮಲ್ಲಿಗೆಯ ಕಡ್ಡಿ ತಂದು ಮುಲುಂಡ್, ಠಾಣೆಯಲ್ಲಿ ನೆಟ್ಟವರು ಬಹಳ. ಗಿಡ ಹತ್ತುತ್ತದೆ, ಹೂ ಬರುವುದಿಲ್ಲ ಎಂಬುದು ಸಾಮಾನ್ಯ ದೂರು. ಕಾರಣ ಎರಡು: ಬಿಸಿಲು 5 ಗಂಟೆಗಿಂತ ಕಡಿಮೆ, ಮತ್ತು ಕತ್ತರಿಸದೆ ಬಿಟ್ಟಿದ್ದು. ಡಿಸೆಂಬರ್ ಕೊನೆಗೆ ಒಂದು ವಾರ ನೀರು ಬಹಳ ಕಡಿಮೆ ಮಾಡಿ, ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಹಳೆಯ ಎಲೆ ತೆಗೆದು, ಎರಡು ಹಿಡಿ ಗೊಬ್ಬರ ಕೊಟ್ಟು ಮತ್ತೆ ನೀರು ಶುರುಮಾಡಿ. ಮಾರ್ಚಿನಿಂದ ಮೊಗ್ಗು ಬಿಡಿಸಬಹುದು.

ಕನಕಾಂಬರ. ಗೋವಾದಲ್ಲಿ ಅಬೋಲಿ ಎಂದು ಕೇಳಿ. ಆ ಹವೆಗೆ ಅದು ಚೆನ್ನಾಗಿ ಒಗ್ಗಿಕೊಂಡಿದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ತೆಳು ನೆರಳು ಹಿತ. ನೀರು ಬಿದ್ದರೂ ಎಲೆ ಬಾಡಿಯೇ ಇದ್ದರೆ ಗಿಡ ಕಿತ್ತು ನೋಡಿ. ಬೇರಿನಲ್ಲಿ ಗಂಟುಗಳಿದ್ದರೆ ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳದ ಕಾಟ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ಕೇಪಳ, ನಂದಿಬಟ್ಟಲು, ಕಣಗಿಲೆ. ಇವು ಕಡಿಮೆ ಆರೈಕೆಯವು, ಪೂಜೆಗೂ ಒದಗುತ್ತವೆ. ಕಣಗಿಲೆ ಅಡಿಯಿಂದ ಮುಡಿಯವರೆಗೆ ವಿಷ. ಮಗು, ನಾಯಿ, ಬೆಕ್ಕು ಇರುವ ಮನೆಗೆ ತರಬೇಡಿ. ಕತ್ತರಿಸಿದ ಕಡ್ಡಿಯನ್ನು ಸುಡಬೇಡಿ, ಹೊಗೆಯೂ ಕೆಟ್ಟದು.

ಅಡೀನಿಯಂ, ಬುಡ ಉಬ್ಬಿದ ಮರುಭೂಮಿ ಗುಲಾಬಿ. ಬಿಸಿಲಿಗೆ ರಾಜ, ಮಳೆಗೆ ಬೆಣ್ಣೆ. ಜೂನ್ ಒಂದರೊಳಗೇ ಮಾಡಿನ ಕೆಳಗೆ ತರುವ ಜಾಗವಿದ್ದರೆ ಮಾತ್ರ ಕೊಳ್ಳಿ. ಇದರ ಹಾಲೂ ವಿಷವೇ.

ಗುಲಾಬಿ ಪುಣೆಯವರಿಗೆ ಸರಿ. ಮುಂಬೈ, ಗೋವಾದಲ್ಲಿ ಮಳೆಗಾಲವಿಡೀ ಎಲೆಗೆ ಕಪ್ಪು ಚುಕ್ಕೆ ಬಂದು ಉದುರುತ್ತದೆ. ಹಟವಿದ್ದರೆ ಸಣ್ಣ ಹೂವಿನ ಬಟನ್ ಗುಲಾಬಿ ಇಡಿ. ಅಕ್ಟೋಬರ್ ಮಧ್ಯದಲ್ಲಿ ಕತ್ತರಿಸಿದರೆ ನವೆಂಬರ್ ಕೊನೆಗೆ ಹೂ.

ಇನ್ನು ಋತುವಿನ ಹೂಗಳು, ತಿಂಗಳ ಲೆಕ್ಕದಲ್ಲಿ:

ಫೆಬ್ರವರಿಯಿಂದ ಮೇ: ಹತ್ತು ಗಂಟೆ ಹೂ, ಅರಿಸಿನ ಬಣ್ಣದ ಕಾಸ್ಮೊಸ್, ಜಿನ್ನಿಯಾ, ಕೋಳಿಜುಟ್ಟು. ಹತ್ತು ಗಂಟೆ ಹೂವಿನ ಕಡ್ಡಿಯನ್ನು ಬೆರಳುದ್ದ ಚಿವುಟಿ ಚುಚ್ಚಿದರೂ ಹತ್ತುತ್ತದೆ. ಬಿಸಿಲು ಬಿದ್ದರೆ ಮಾತ್ರ ಅರಳುತ್ತದೆ. ಜಿನ್ನಿಯಾಗೆ ಮಳೆ ಶುರುವಾದೊಡನೆ ಬಿಳಿ ಬೂದಿ ಬರುತ್ತದೆ, ಉಳಿಸಲು ಒದ್ದಾಡದೆ ಕಿತ್ತುಹಾಕಿ.

ಜೂನ್‌ನಿಂದ ಸೆಪ್ಟೆಂಬರ್: ಕರ್ಣಕುಂಡಲ, ಅಂದರೆ ಮರಾಠಿಗರು ಗೌರಿಗೆ ಏರಿಸುವ ತೇರಡಾ. ಸಹ್ಯಾದ್ರಿಯ ಮಳೆಯಲ್ಲೇ ಹುಟ್ಟಿ ಬೆಳೆಯುವ ಗಿಡ, ಮಳೆ ಬಂತೆಂದು ಕೊರಗುವುದಿಲ್ಲ. ಜೊತೆಗೆ ಮಳೆ ಲಿಲ್ಲಿಯ ಗೆಡ್ಡೆ, ಶಂಖಪುಷ್ಪದ ಬಳ್ಳಿ (ಗೋಕರ್ಣ). ನಿತ್ಯಪುಷ್ಪ, ಅಂದರೆ ಸದಾಫುಲಿ, ವರ್ಷವಿಡೀ ಬಿಡುತ್ತದೆ ಎಂದು ಮಾರುತ್ತಾರೆ. ಹೈಬ್ರಿಡ್ ತಳಿಗಳು ಸುರಿಮಳೆಯಲ್ಲಿ ಒಂದೇ ರಾತ್ರಿ ಬುಡ ಕಪ್ಪಾಗಿ ಬೀಳುತ್ತವೆ. ಗೋಡೆಸಂದಿಯಲ್ಲಿ ತಾನೇ ಹುಟ್ಟುವ ಹಳೆಯ ಗುಲಾಬಿ ಬಣ್ಣದ್ದು ಹೆಚ್ಚು ಗಟ್ಟಿ.

ದಸರಾ, ದೀಪಾವಳಿಗೆ ಚೆಂಡುಹೂ. ಮಾರುಕಟ್ಟೆಯಲ್ಲಿ ಝೆಂಡು. ಬಿತ್ತಿದ ದಿನದಿಂದ ಹೂವಿಗೆ ಸಣ್ಣ ಜಾತಿಗೆ 50ರಿಂದ 60 ದಿನ, ದೊಡ್ಡ ಜಾತಿಗೆ 70ರಿಂದ 90 ದಿನ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತಿ. ಅದು ಸರಿಯಾಗಿ ಜುಲೈ ಸುರಿಮಳೆಗೆ ಬರುತ್ತದೆ, ಆದ್ದರಿಂದ ಸಸಿಯನ್ನು ಮಾಡಿನ ಕೆಳಗೆ ಎಬ್ಬಿಸಿ ನಾಲ್ಕು ಜೊತೆ ಎಲೆಯಾದಾಗ ಹೊರಗೆ ನೆಡಿ. ತಿಂಗಳಾದಮೇಲೆ ತುದಿ ಚಿವುಟಿದರೆ ಕವಲೊಡೆಯುತ್ತದೆ. ಹಾರದ ಹೂ ಒಣಗಿಸಿ ತೆಗೆದ ಬೀಜ ಮೊಳೆಯುತ್ತದೆ, ಆದರೆ ಅಂಗಡಿಯ ಹೂ ಹೆಚ್ಚಾಗಿ ಹೈಬ್ರಿಡ್ಡಾದ್ದರಿಂದ ಅದೇ ಗಾತ್ರ ಸಿಗದು.

ನವೆಂಬರಿನಿಂದ ಫೆಬ್ರವರಿ: ಸೇವಂತಿಗೆ, ಪೆಟೂನಿಯಾ, ಡೇಲಿಯಾ. ಮುಂಬೈ, ಗೋವಾದಲ್ಲಿ ಇವನ್ನು ಹೂದಾನಿಯ ಹೂವಿನಂತೆ ಎಣಿಸಿ. ಮೂರು ತಿಂಗಳ ಅತಿಥಿಗಳು, ಬೇಸಿಗೆ ದಾಟಿಸುವ ಆಸೆ ಬೇಡ.

## 5. ನರ್ಸರಿಯಲ್ಲಿ ಏನು ನೋಡಬೇಕು

ಹೂ ತುಂಬಿದ ಗಿಡವನ್ನು ಬಿಟ್ಟು, ಮೊಗ್ಗು ಹೆಚ್ಚು ಹೂ ಕಡಿಮೆ ಇರುವ ಗಿಡ್ಡ ಗಿಡ ಎತ್ತಿಕೊಳ್ಳಿ. ಎಲೆಯ ಹಿಂಬದಿ, ಎಲೆ ಕಾಂಡ ಸೇರುವ ಸಂದು ನೋಡಿ: ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟುತಿಗಣೆ, ಅಲ್ಲೇ ಬಿಟ್ಟು ಬನ್ನಿ. ಒಂದೇ ಗಿಡ ಮನೆಯ ದಾಸವಾಳಕ್ಕೆಲ್ಲ ಹಚ್ಚುತ್ತದೆ. ಚೀಲದ ತಳದ ತೂತಿನಿಂದ ಹಣುಕುವ ಬೇರು ಬಿಳಿಯಿದ್ದರೆ ಸರಿ, ಕಂದು ಮೆತ್ತಗಿದ್ದರೆ ಬೇಡ. ಕಸಿ ಗುಲಾಬಿಯಾದರೆ ಗಂಟಿನ ಮೇಲಿನಿಂದ ಚಿಗುರಿರಬೇಕು. ಕೆಳಗಿನ ಚಿಗುರು ಕಾಡುಗುಲಾಬಿಯದು.

ಕೇಳಲೇಬೇಕಾದ ಪ್ರಶ್ನೆ ಒಂದು: "ಹೇ ಉನ್ಹಾತ ವಾಢಲೇಲಂ ಆಹೇ ಕಾ?" ಬಿಸಿಲಲ್ಲಿ ಬೆಳೆದದ್ದೇ ಎಂದು. ಉತ್ತರ ಏನೇ ಬರಲಿ, ತಲೆಯೆತ್ತಿ ನೋಡಿ. ಮೇಲೆ ಹಸಿರು ಬಲೆಯಿದ್ದರೆ ಅದು ನೆರಳಿನ ಕೂಸು.

ಬೇರಿನ ಸುತ್ತ ಗಟ್ಟಿ ಕೆಂಪು ಜೇಡಿಯ ಉಂಡೆ ಇರುವ ಗಿಡಗಳು ಬಹಳ. ಸಾಗಾಣಿಕೆಗೆ ಅನುಕೂಲ, ಬೇರಿಗೆ ಶಿಕ್ಷೆ. ಅದನ್ನು ಹಾಗೇ ಕುಂಡದಲ್ಲಿ ಹೂತರೆ ನೀವು ಹಾಕುವ ನೀರು ಉಂಡೆಯ ಸುತ್ತ ಇಳಿದು ಹೋಗುತ್ತದೆ, ಒಳಗಿನದು ಕಲ್ಲಾಗುತ್ತದೆ. ತಂದ ಗಿಡ ತಿಂಗಳೊಳಗೆ ಸಾಯುವುದಕ್ಕೆ ಇದೊಂದು ದೊಡ್ಡ ಕಾರಣ.

## 6. ನೆಡುವುದು, ಮೊದಲ 15 ದಿನ

ತಂದ ದಿನವೇ ನೆಡಬೇಡಿ. ನಾಲ್ಕೈದು ದಿನ ಉಳಿದ ಗಿಡಗಳಿಂದ ದೂರ, ಅರೆನೆರಳಿನಲ್ಲಿಟ್ಟು ಹುಳ ಏಳುತ್ತದೋ ನೋಡಿ.

ನೆಡುವುದು ಸಂಜೆ. ಜೇಡಿ ಉಂಡೆಯಿದ್ದರೆ ಬಕೆಟ್ ನೀರಿನಲ್ಲಿ 20 ನಿಮಿಷ ಮುಳುಗಿಸಿ, ಹೊರಗಿನ ಮೂರನೇ ಒಂದು ಭಾಗವನ್ನು ಬೆರಳಿನಿಂದ ಮೆಲ್ಲನೆ ಬಿಡಿಸಿ. ಪೂರಾ ತೊಳೆಯಬೇಡಿ, ನೂಲುಬೇರು ಹರಿಯುತ್ತದೆ. ಕಾಂಡ ಮೊದಲು ಎಷ್ಟು ಹೂತಿತ್ತೋ ಅಷ್ಟೇ ಆಳ. ಕುಂಡದ ಅಂಚಿಗೆ ಒಂದೂವರೆ ಇಂಚು ಬಿಟ್ಟಿರಿ. ಇರುವ ಹೂ, ದೊಡ್ಡ ಮೊಗ್ಗು ಕಿತ್ತುಬಿಡಿ. ಇದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಬೇರು ಹಿಡಿಯಬೇಕಾದ ವಾರದಲ್ಲಿ ಹೂ ಸಾಕುವ ಹೊರೆ ಗಿಡಕ್ಕೆ ಬೇಡ.

ಬಿಸಿಲಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ: ಮೊದಲ 3 ದಿನ ಬೆಳಗಿನ ಎರಡು ಗಂಟೆ, ಮುಂದಿನ 4 ದಿನ ನಾಲ್ಕು ಗಂಟೆ, ಆಮೇಲೆ ಮಧ್ಯಾಹ್ನ ಮಾತ್ರ ಬಲೆ ಕಟ್ಟಿ ಒಂದು ವಾರ, ನಂತರ ತೆರೆದ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊಸ ಗಿಡ ಕೊಳ್ಳದಿರುವುದೇ ಜಾಣತನ.

ಮೊದಲ ತಿಂಗಳು ಗೊಬ್ಬರವಿಲ್ಲ. ನಂತರ 20 ದಿನಕ್ಕೊಮ್ಮೆ ಕುಂಡಕ್ಕೊಂದು ಹಿಡಿ ಕಾಂಪೋಸ್ಟ್. ಕಡಲೆಹಿಂಡಿ ನೆನೆಸಿದ ನೀರು ಹತ್ತು ಪಟ್ಟು ತೆಳುಮಾಡಿ ಚಳಿಗಾಲದಲ್ಲಿ ಮಾತ್ರ. ಮೇ ತಿಂಗಳಲ್ಲಿ ಬೇರು ಸುಡುತ್ತದೆ, ಮಳೆಯಲ್ಲಿ ನಾರುತ್ತದೆ, ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

## 7. ಜೂನ್ ಒಂದರೊಳಗೆ

ಎಲ್ಲ ಕುಂಡಗಳನ್ನೂ ಇಟ್ಟಿಗೆ ಚೂರಿನ ಮೇಲೆ ಎರಡು ಇಂಚು ಎತ್ತರಿಸಿ. ಕೆಳಗಿನ ತಟ್ಟೆ ತೆಗೆದುಬಿಡಿ. ನಿಂತ ನೀರಿನಲ್ಲಿ ಎಂಟು ಹತ್ತು ದಿನಕ್ಕೆ ಡೆಂಗಿ ಸೊಳ್ಳೆ ಹೊರಬರುತ್ತದೆ. ತಳದ ತೂತಿಗೆ ಕಡ್ಡಿ ಆಡಿಸಿ. ಎತ್ತರದ ಗಿಡಗಳನ್ನು ಗ್ರಿಲ್ಲಿಗೆ ಕಟ್ಟಿ, ಕಟ್ಟೆಯ ಮೇಲಿನ ಕುಂಡಗಳನ್ನು ನೆಲಕ್ಕಿಳಿಸಿ. ಮಳೆಗಿಂತ ಮೊದಲು ಬರುವ ಗಾಳಿ ಹೆಚ್ಚು ಹಾನಿ ಮಾಡುತ್ತದೆ. ಅಡೀನಿಯಂ ಒಳಗೆ. ಸೆಪ್ಟೆಂಬರ್ ಕೊನೆಯವರೆಗೆ ಮರುನೆಡುವಿಕೆ ಬೇಡ.

## 8. ಎಚ್ಚರಿಕೆಯ ಗುರುತುಗಳು

ಬಿಸಿಲಿಗೆ ತಿರುಗಿದ ಎಲೆಯಲ್ಲಿ ಬಿಳಿಚಿದ ಕಲೆ, ತಂದು ಮೂರು ದಿನದೊಳಗೆ: ಬಿಸಿಲಿನ ಸುಡು. ರೋಗದ ಔಷಧಿ ಹೊಡೆಯಬೇಡಿ, ನೆರಳಿಗೆ ಸರಿಸಿ.

ಮಧ್ಯಾಹ್ನ ಎಲೆ ಜೋತು ಸಂಜೆ ನೆಟ್ಟಗಾದರೆ ಅದು ಬಿಸಿಲಿನ ಆಯಾಸ. ಬೆರಳನ್ನು ಎರಡು ಇಂಚು ಆಳಕ್ಕೆ ಹಾಕಿ ನೋಡಿ. ತೇವವಿದ್ದರೆ ನೀರು ಬೇಡ. ಬೆಳಿಗ್ಗೆಯೂ ಜೋತಿದ್ದು ಮಣ್ಣು ಒದ್ದೆಯಿದ್ದರೆ ಬೇರು ಕೊಳೆಯುತ್ತಿದೆ. ಆಗ ಮತ್ತೆ ನೀರು ಹಾಕಿದವರೇ ಗಿಡ ಕೊಂದವರು.

ಏಪ್ರಿಲಿನಲ್ಲಿ ಎಲೆ ಮಂಕಾಗಿ, ಸೂಜಿಮೊನೆಯಷ್ಟು ಹಳದಿ ಚುಕ್ಕೆ, ಹಿಂಬದಿ ಸಣ್ಣ ಬಲೆ: ಕೆಂಪು ನುಸಿ. ಒಣ ಬಿಸಿಗೆ ಹೆಚ್ಚುತ್ತದೆ. ಮೂರು ದಿನ ಬೆಳಿಗ್ಗೆ ಎಲೆಯ ಹಿಂಬದಿಗೆ ಬರೀ ನೀರನ್ನೇ ರಭಸವಾಗಿ ಹೊಡೆದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ, ಹಿಟ್ಟುತಿಗಣೆಗೂ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ಸೋಪುನೀರು. ಸಂಜೆ ಮಾತ್ರ, ಬಿಸಿಲಲ್ಲಿ ಹೊಡೆದರೆ ಎಣ್ಣೆಯೇ ಎಲೆ ಸುಡುತ್ತದೆ.

ಎಲೆ ದಟ್ಟ ಹಸಿರು, ಹೂವಿಲ್ಲ: ಸಾರಜನಕ ಹೆಚ್ಚಾಗಿದೆ ಅಥವಾ ಬಿಸಿಲು ಸಾಲದು. ಗೊಬ್ಬರ ಎರಡು ತಿಂಗಳು ನಿಲ್ಲಿಸಿ, ಮತ್ತೆ ಗಂಟೆ ಎಣಿಸಿ.

ಎಲೆಯ ತುದಿ ಕಂದು: ಉಪ್ಪು. ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡು ಪಟ್ಟು ಒಳ್ಳೆಯ ನೀರು ಹರಿಸಿ ತಳದಿಂದ ಇಳಿಯಲು ಬಿಡಿ.

ಸೇವಂತಿಗೆ ಡಿಸೆಂಬರಿಗೂ ಮೊಗ್ಗು ಕಟ್ಟದಿದ್ದರೆ ರಾತ್ರಿ ಹೋಗಿ ಬೀದಿದೀಪ ಅಥವಾ ಮೆಟ್ಟಿಲ ಬಲ್ಬಿನ ಬೆಳಕು ಅದರ ಮೇಲೆ ಬೀಳುತ್ತಿದೆಯೇ ನೋಡಿ. ಉದ್ದ ರಾತ್ರಿಯ ಕತ್ತಲೆ ಸಿಕ್ಕರೆ ಮಾತ್ರ ಅದು ಮೊಗ್ಗು ಕಟ್ಟುವುದು. ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ರಟ್ಟಿನ ಡಬ್ಬ ಮುಚ್ಚುತ್ತ ಬನ್ನಿ, ಮೂರು ನಾಲ್ಕು ವಾರದಲ್ಲಿ ತುದಿಗೆ ಸಾಸಿವೆಯಷ್ಟು ಗುಂಡಗಿನ ಮೊಗ್ಗು ಕಾಣುತ್ತದೆ.